ಚೀಲದ ತೂಕ ಕಳೆದು

ಹೊಸ ಯಂತ್ರವೊಂದು ಕೈಗೆ ಸಿಕ್ಕರೆ ಅದರ ಸೆಟ್ಟಿಂಗ್ಸ್ ಒಳಹೊಕ್ಕು ಏನನ್ನಾದರೂ ಬದಲಾಯಿಸುವ ತನಕ ನನಗೆ ಊಟ ರುಚಿಸುವುದಿಲ್ಲ. ಇದು ಚಟವೆಂದು ನನ್ನ ಹೆಂಡತಿ ಸರೋಜಳ ವಾದ, ವಿಜ್ಞಾನವೆಂದು ನನ್ನದು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನಿಗೆ ಬಟನ್ ಒತ್ತುವ ಹಕ್ಕೂ ಇಲ್ಲವೇ? ಒಮ್ಮೆ ನಮ್ಮ ಫ್ರಿಜ್ಜಿನಲ್ಲಿ ಮೊಸರು ಕಲ್ಲಾಗಿ, ಅದನ್ನು ಚಾಕುವಿನಲ್ಲಿ ಕೆತ್ತಿ ಬಡಿಸಿದ್ದು ನಿಜ. ಆದರೆ ಅದು ಹಳೆಯ ಮಾತು.

ಅಮೃತಹಳ್ಳಿಯಲ್ಲಿ ಸರೋಜ ಬಾಡಿಗೆ ಶೆಡ್ಡೊಂದರಲ್ಲಿ ರಾಗಿ ಹಿಟ್ಟು ಮಾಡಿಸಿ ಪ್ಯಾಕ್ ಮಾಡಿಸುತ್ತಾಳೆ. ಚೀಲಗಳನ್ನು ತೂಗಿ ಇಳಿಸಿಕೊಳ್ಳುವವರು ನೂರ್ ಭಾಯ್. ಧಾನ್ಯದ ಮಂಡಿಯಲ್ಲಿ ಚೀಲ ತೂಗುತ್ತಲೇ ಗಡ್ಡ ನೆರೆಸಿಕೊಂಡವರು, ಎಣಿಸುವಾಗ ಇವತ್ತಿಗೂ ‘ಒಂದು’ ಎನ್ನುವುದಿಲ್ಲ. ‘ಲಾಭ’ ಎಂದೇ ಶುರು, ಆಮೇಲೆ ಎರಡು, ಮೂರು. ರಾಗಿ ಬರುವುದು ಬಾಗಲೂರು ಕಡೆಯ ಮುನಿರಾಜಣ್ಣನ ಮನೆಯಿಂದ. ಹತ್ತು ವರ್ಷದಿಂದ ಅವರದೇ ರಾಗಿ, ಚೀಲಕ್ಕೆ ಐವತ್ತು ಕೆಜಿ. ಇಷ್ಟು ಜನರಿಂದ ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಹೊಸ ಡಿಜಿಟಲ್ ತೂಕದ ಯಂತ್ರ ಬಂತು. ನಾನೂ ಬಂದೆ.

ಕೈಪಿಡಿ ಓದಿ ಕೂತೆ. ಅಂಕಿ ಎಷ್ಟು ಬೇಗ ನಿಲ್ಲಬೇಕು, ಎಷ್ಟು ಗ್ರಾಮಿಗೊಂದು ಹೆಜ್ಜೆ ಏರಬೇಕು ಎಂದು ಪುಟಗಟ್ಟಲೆ ಆಯ್ಕೆಗಳು. ನಮ್ಮಜ್ಜಿ ತುಪ್ಪ ತೂಗುವ ಮೊದಲು ಖಾಲಿ ಪಾತ್ರೆಯನ್ನು ಒಂದು ತಟ್ಟೆಯಲ್ಲಿಟ್ಟು, ಎದುರು ತಟ್ಟೆಗೆ ಕಲ್ಲು ಹಾಕಿ ಸರಿದೂಗಿಸುತ್ತಿದ್ದಳು. ಅದೇ ವಿದ್ಯೆ ಈ ಯಂತ್ರದಲ್ಲೂ ಇತ್ತು. ಗೋಣಿಚೀಲದ ತೂಕ ಒಂದು ಕೆಜಿ ಎಂದು ಒಮ್ಮೆ ಹೇಳಿಟ್ಟರೆ ಸಾಕು, ಪ್ರತಿ ಸಲವೂ ತಾನೇ ಕಳೆದು ತೋರಿಸುತ್ತದೆ. ಆಹಾ ಎಂದುಕೊಂಡು ಹೇಳಿಟ್ಟೆ.

ಮಾರನೆಯ ದಿನ ನೂರ್ ಭಾಯ್ ಕರೆದರು. “ಸಾರ್, ಮೇಲೆ ಏನೂ ಇಲ್ಲ, ಮೈನಸ್ ಒಂದು ತೋರಿಸ್ತಾ ಇದೆ.”

“ಅದು ಹಂಗೇ ಇರ್ಬೇಕು ನೂರ್ ಭಾಯ್, ಮುಟ್ಬೇಡಿ,” ಎಂದೆ. ಮೂವತ್ತು ವರ್ಷ ಮಕ್ಕಳಿಗೆ ವಿವರಿಸಿ ವಿವರಿಸಿ ದಣಿದಿದ್ದ ನಾಲಿಗೆ, ಅವತ್ತು ಅಷ್ಟಕ್ಕೇ ನಿಂತಿತು.

ಅದಾದ ಮೇಲೆ ಮುನಿರಾಜಣ್ಣನ ಎರಡು ಲೋಡು ರಾಗಿ ಬಂತು. ನೂರ್ ಭಾಯ್ ಪ್ರತಿ ಚೀಲದ ಮೇಲೂ ನೀಲಿ ಮಾರ್ಕರಿನಲ್ಲಿ ಬರೆದ ತೂಕ ನಲವತ್ತೊಂಬತ್ತು. ಒಂದೋ ಎರಡೋ ಚೀಲವಾಗಿದ್ದರೆ ಬಿಡಬಹುದಿತ್ತು. ಎಲ್ಲದರಲ್ಲೂ ಸರಿಯಾಗಿ ಒಂದು ಕೆಜಿ ಕಡಿಮೆ! ಇಷ್ಟು ನಿಯತ್ತಾಗಿ ಕಡಿಮೆ ಹಾಕಲು ಯೋಜನೆ ಬೇಕು ಎಂದು ನನ್ನ ವೈಜ್ಞಾನಿಕ ಬುದ್ಧಿ ತೀರ್ಪು ಕೊಟ್ಟಿತು. ಹತ್ತು ವರ್ಷದಿಂದ ಬಲ್ಲ ಮನುಷ್ಯ ಹೀಗೆ ಮಾಡಬಹುದೇ ಎಂದು ಬೇಸರವೂ ಆಯಿತು, ಸುಳ್ಳೇಕೆ ಹೇಳಲಿ. ‘ಇನ್ನು ಮುಂದೆ ನಿಮ್ಮ ರಾಗಿ ಬೇಡ’ ಎಂದು ಮೊಬೈಲಿನಲ್ಲಿ ಟೈಪ್ ಮಾಡಿ ಸರೋಜಳಿಗೆ ತೋರಿಸಿದೆ.

“ಹತ್ತು ವರ್ಷ ನಮ್ಮನೇಲಿ ಕಾಫಿ ಕುಡ್ದಿದ್ದಾರೆ ಕಣ್ರೀ. ಹೇಳೋದಿದ್ರೆ ಮುಖ ನೋಡಿ ಹೇಳಿ. ಧೈರ್ಯ ಇಲ್ದಿದ್ರೆ ಸುಮ್ನಿರಿ,” ಎಂದಳು.

ಮುಂದಿನ ಲೋಡಿನ ದಿನ ಮುನಿರಾಜಣ್ಣ ಬೆಳಿಗ್ಗೆ ಹತ್ತಕ್ಕೆ ಟೆಂಪೋದಿಂದ ಕುಂಟುತ್ತಾ ಇಳಿದರು. ನಾನು ಕನ್ನಡಿ ಮುಂದೆ ಕಲಿತಿದ್ದ ಮಾತನ್ನು ನಾಲಿಗೆಯ ತುದಿಗೆ ತಂದುಕೊಂಡೆ. ಅಷ್ಟರಲ್ಲಿ ಅವರೇ ಮಾತು ತೆಗೆದರು.

“ಮಂಡಿ ನೋವು ಸಾರ್. ಯಲಹಂಕದಾಗೆ ಡಾಕ್ಟ್ರತ್ರ ಓಗಿದ್ದೆ. ಅರವತ್ತೆರಡು ಕೆಜಿ ಇದೀಯ, ಒಸಿ ಇಳಿಸು ಅಂದ್ರು. ನಿಮ್ ಮಿಸನ್ನು ಏನಂತದೋ ನೋಡಾನ,” ಎಂದು ಚಪ್ಪಲಿ ಬಿಟ್ಟು ಯಂತ್ರದ ಮೇಲೆ ನಿಂತೇಬಿಟ್ಟರು.

ಕೆಂಪು ಅಂಕಿ ಅರವತ್ತೊಂದಕ್ಕೆ ನಿಂತಿತು. ಮಾರ್ಕರ್ ಹಿಡಿದು ಪಕ್ಕದಲ್ಲಿದ್ದ ನೂರ್ ಭಾಯ್ ಅಭ್ಯಾಸಬಲದಿಂದ ಕೂಗಿದರು: “ಅರವತ್ತು!”

“ಅರೆ, ಕಣ್ಣು ಕಾಣಾಕಿಲ್ವಾ? ಅರವತ್ತೊಂದು ಐತಲ್ಲ!”

“ಚೀಲ ಕಳೀಬೇಕಲ್ಲ ಮುನಿರಾಜಣ್ಣ,” ಎಂದವರು ತಮ್ಮ ಮಾತಿಗೆ ತಾವೇ ಬೆಚ್ಚಿದರು.

“ನನ್ನ ಯಾವ್ ಚೀಲ್ದಾಗೆ ತುಂಬಿದೀಯಪ್ಪಾ? ಯಲಹಂಕದಿಂದ ಇಲ್ಲಿಗೆ ಬರಾ ಅಷ್ಟೊತ್ಗೆ ಎಲ್ಡು ಕೆಜಿ ಕರಗ್ಬುಟ್ನಾ?”

ಅವರಿಬ್ಬರೂ ನಗುತ್ತಿದ್ದರು. ನನಗೆ ಮಾತ್ರ ಆಗ ಲೆಕ್ಕ ಹೊಳೆಯಿತು. ಚೀಲದ ಒಂದು ಕೆಜಿಯನ್ನು ಯಂತ್ರ ಕಳೆಯುತ್ತಿದೆ. ಅದನ್ನೇ ನೂರ್ ಭಾಯ್ ಇನ್ನೊಮ್ಮೆ ಕಳೆಯುತ್ತಿದ್ದಾರೆ. ಕಣ್ಣಿಗೂ ಮಾರ್ಕರಿಗೂ ನಡುವೆ ಎಷ್ಟೋ ವರ್ಷದಿಂದ ನಡೆದು ಬಂದ ವ್ಯವಕಲನ ಅದು, ಮಾಡುತ್ತಿದ್ದೇನೆಂಬುದು ಅವರಿಗೇ ಗೊತ್ತಿಲ್ಲ. ಯಂತ್ರದ್ದೂ ತಪ್ಪಿಲ್ಲ, ನೂರ್ ಭಾಯ್‌ದೂ ತಪ್ಪಿಲ್ಲ. ಇಬ್ಬರಿಗೂ ಪರಸ್ಪರ ಪರಿಚಯ ಮಾಡಿಸಬೇಕಿದ್ದ ಮೇಷ್ಟರು ‘ಮುಟ್ಬೇಡಿ’ ಎಂದು ಹೇಳಿ ಎದ್ದು ಹೋಗಿದ್ದರು.

ಹೋದ ಜೀವ ಬಂದಂತಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನನ್ನ ಮಾತು ಇನ್ನೂ ಹಲ್ಲಿನ ಒಳಗೇ ಇತ್ತು! ಮೊಬೈಲಿನಲ್ಲಿದ್ದ ಆ ಸಾಲನ್ನು ಅಲ್ಲೇ ಗೋಡೆಗೆ ತಿರುಗಿ ಅಳಿಸಿದೆ. ಯಂತ್ರದೊಳಗೆ ಹೊಕ್ಕು ಚೀಲದ ತೂಕವನ್ನು ಸೊನ್ನೆ ಮಾಡಿದೆ. ನೂರ್ ಭಾಯ್ ಮುಂಚಿನಂತೆ ತಾವೇ ಕಳೆಯಲಿ, ಅವರ ತಲೆಗೆ ಕರೆಂಟು ಬೇಕಿಲ್ಲ.

ಲೋಡು ಇಳಿಸುತ್ತಾ ನೂರ್ ಭಾಯ್ ಚೀಲ ಕಳೆದ ತೂಕವನ್ನು ಕೂಗತೊಡಗಿದರು. ಲಾಭ, ಐವತ್ತೊಂದು. ಎರಡು, ಐವತ್ತೊಂದು. ಮೂರು, ಐವತ್ತೊಂದು. ಹನ್ನೆರಡು ಚೀಲವೂ ಐವತ್ತೊಂದು. ಮತ್ತೆ ಏನು ಕೆಡಿಸಿದೆನೋ ಎಂದು ಸೆಟ್ಟಿಂಗ್ಸ್ ಇನ್ನೊಮ್ಮೆ ತೆಗೆದು ನೋಡಿದೆ, ಸೊನ್ನೆಯೇ ಇತ್ತು. ಮುನಿರಾಜಣ್ಣ ಮಾತ್ರ ನೆಲ ನೋಡುತ್ತಿದ್ದರು.

“ಓದ್ ಸತಿ ಖಾಲಿ ಚೀಲ ವಾಪಸ್ ಬಂದ್ವಲ್ಲ ಸಾರ್, ಎಲ್ಲದ್ರ ಮ್ಯಾಲೂ ನಲವತ್ತೊಂಬತ್ತು ಅಂತ ಬರ್ದಿತ್ತು. ನಮ್ಮನೆ ತಕ್ಕಡೀನೇ ಸರಿಗಿಲ್ಲ ಅನ್ಕಂಡೆ. ನೀವಾಗಿ ಕೇಳಿಲ್ಲ, ಅದು ನಿಮ್ಮ ದೊಡ್ಡತನ. ನಂಗೇ ನಾಚ್ಕೆಯಾಗಿ ಒಂದೊಂದು ಕೆಜಿ ಜಾಸ್ತಿ ಹಾಕ್ದೆ.”

ನನ್ನ ದೊಡ್ಡತನ! ತಡೆಯಲಾಗಲಿಲ್ಲ. “ಮುನಿರಾಜಣ್ಣ, ನಾನು ನಿಮ್ಮ ಮೇಲೆ ಅನುಮಾನ ಪಟ್ಟಿದ್ದೆ,” ಎಂದು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ.

ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ನಕ್ಕರು. “ನಾನೂ ಪಟ್ಟಿದ್ನಲ್ಲ ಸಾರ್, ನನ್ ಮ್ಯಾಲೆ. ಬುಡಿ, ಕಾಫಿ ತರ್ಸಿ.”

ಹೆಚ್ಚಿನ ರಾಗಿಯನ್ನು ವಾಪಸ್ ಕೊಡಲು ಹೋದರೆ ಮುಟ್ಟಲೂ ಬಿಡಲಿಲ್ಲ. ಯಂತ್ರಕ್ಕೆ ಈಗ ಪಾಸ್‌ವರ್ಡ್ ಇದೆ. ಹಾಕಿದವಳು ಸರೋಜ. ಎಷ್ಟು ಬೇಡಿಕೊಂಡರೂ ನನಗೆ ಹೇಳಕೂಡದೆಂದು ಅವಳಿಂದ ಮಾತು ತೆಗೆದುಕೊಂಡವನು ನಾನೇ.