ಫ್ಯಾನಿನ ವಿಮಾನ ಬಿಟ್ಟದ್ದು

ನಮ್ಮ ನೆಂಟರ ಲೆಕ್ಕದಲ್ಲಿ ನಾನು ಬಹಳ ವರ್ಷ ಓಡಿಸಿದ್ದು ವಿಮಾನವೇ ಅಲ್ಲ. ಎರಡು ರೆಕ್ಕೆಗೂ ಒಂದೊಂದು ಫ್ಯಾನ್ ಇರುವ, ಒಂದೂವರೆ ಬಸ್ಸಿನಷ್ಟು ಜನ ಹಿಡಿಸುವ ಗಾಡಿ ಅದು. ಮದುವೆಮನೆಗಳಲ್ಲಿ ಯಾರಾದರೂ ಒಬ್ಬರು, “ದೊಡ್ದು ಯಾವಾಗವ್ವಾ ಕೊಡ್ತಾರೆ?” ಎಂದು ಕೇಳೇ ಕೇಳುತ್ತಿದ್ದರು. ನಾವೇ ಅರ್ಜಿ ಹಾಕಿಕೊಳ್ಳಬೇಕು, ನಾನು ಹಾಕಿಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಪರೀಕ್ಷೆ ಪಾಸಾಗಿಲ್ಲವೇನೋ ಪಾಪ ಎಂದುಕೊಂಡು ಊಟಕ್ಕೆ ಏಳುತ್ತಿದ್ದರು.

ಹಾಕದಿರುವುದಕ್ಕೆ ಕಾರಣವಿತ್ತು. ಮೈಸೂರಿನ ವಿಮಾನ ನಿಲ್ದಾಣ ಇರುವುದು ನಂಜನಗೂಡು ರಸ್ತೆಯಲ್ಲಿ, ಮಂಡಕಳ್ಳಿಯ ಹತ್ತಿರ. ಅಲ್ಲಿಯ ರನ್‌ವೇ ಗಿಡ್ಡ. ನಮ್ಮ ಕಂಪನಿಯ ದೊಡ್ಡ ವಿಮಾನಗಳು ಅಲ್ಲಿಗೆ ಬರುತ್ತಿರಲಿಲ್ಲ, ಫ್ಯಾನಿನವು ಬರುತ್ತಿದ್ದವು. ಅಲ್ಲಿಂದ ಸ್ಕೂಟರಿನಲ್ಲಿ ಹೊರಟರೆ ತಾಂಡವಪುರದ ನಮ್ಮ ಮನೆಗೆ ಒಲೆಯಿಂದ ಇಳಿಸಿದ ಸಾರು ಆರುವುದರೊಳಗೆ ಸೇರಬಹುದು. ಗಂಡನಿಂದ ಬೇರೆಯಾದ ಮೇಲೆ ನನ್ನ ಮಗಳು ಬೆಳೆಯುತ್ತಿದ್ದದ್ದು ಆ ಮನೆಯಲ್ಲಿ, ನನ್ನ ಅಪ್ಪ ಅವ್ವನ ಹತ್ತಿರ.

ಪೈಲಟ್‌ಗಳಿಗೆ ಯಾವ ಊರಿನ ಹಾರಾಟ ಬೇಕು, ಯಾವ ದಿನ ರಜೆ ಬೇಕು ಎಂದು ತಿಂಗಳಿಗೊಮ್ಮೆ ಕಂಪನಿ ಕೇಳುತ್ತದೆ. ಮೊದಲು ಸೇರಿದವರಿಗೆ ಮೊದಲ ಆಯ್ಕೆ. ಹಿಂದಿನವರಿಗೆ ಉಳಿದದ್ದು. ತೀರಾ ಹಿಂದಿನವರಿಗೆ ಸ್ಟ್ಯಾಂಡ್‌ಬೈ ಎಂಬ ಕೆಲಸ. ಸಮವಸ್ತ್ರ ಇಸ್ತ್ರಿ ಮಾಡಿಟ್ಟುಕೊಂಡು ಕಾಯಬೇಕು, ಯಾರಿಗಾದರೂ ಜ್ವರ ಬಂದರೆ ಅವರ ಬದಲು ಹೋಗಬೇಕು, ಬರದಿದ್ದರೆ ಸುಮ್ಮನೆ ಕೂತಿರಬೇಕು. ಫ್ಯಾನಿನ ವಿಮಾನದವರ ಸಾಲಿನಲ್ಲಿ ನಾನು ಬಹಳ ಮುಂದಿದ್ದೆ. ಸಂಜೆ ಮೈಸೂರಿಗೆ ಬಂದು ಮಾರನೆಯ ದಿನ ಹೊರಡುವ ಹಾರಾಟವನ್ನು ಪ್ರತಿ ಸಲವೂ ಕೇಳುತ್ತಿದ್ದೆ, ಸಿಗುತ್ತಿತ್ತು. ಸಹೋದ್ಯೋಗಿಗಳು ನನ್ನನ್ನು ಮಂಡಕಳ್ಳಿ ಸೊಸೆ ಎಂದು ರೇಗಿಸುತ್ತಿದ್ದರು.

ಈ ಬುದ್ಧಿ ನನಗೆ ಅಪ್ಪನಿಂದ ಬಂದದ್ದು ಎಂದೇ ತಿಳಿದಿದ್ದೆ. ಅವರು ನಂಜನಗೂಡಿನಲ್ಲಿ ಬಸ್ ಡ್ರೈವರ್ ಆಗಿದ್ದವರು. ಅವರ ಡಿಪೋದಲ್ಲಿ ವರ್ಷಕ್ಕೊಮ್ಮೆ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಹಳಬರಿಂದ ಶುರುಮಾಡಿ ಒಬ್ಬೊಬ್ಬರನ್ನೇ ಕೂಗುತ್ತಿದ್ದರಂತೆ. ಕೂಗಿದವರು ತಮಗೆ ಬೇಕಾದ ರೂಟು ಹೇಳಬೇಕು. ಹಳಬರೆಲ್ಲ ಬೆಂಗಳೂರಿನ ಗಾಡಿ ಹಿಡಿದರೆ, ಅಪ್ಪ ಸಾಲಿನ ತಲೆಯಲ್ಲಿದ್ದಾಗಲೂ ಸುತ್ತೂರಿನ ಮೇಲೆ ಹೋಗುವ ಟಿ. ನರಸೀಪುರದ ಲೋಕಲ್ ಗಾಡಿಯನ್ನೇ ಕೇಳುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತಿದ್ದರು. ಮಗಳ ಮೇಲೆ ಜೀವ ಅವನಿಗೆ ಎಂದು ಊರೆಲ್ಲ ಹೇಳುತ್ತಿತ್ತು, ನಾನು ಅದನ್ನು ಕೇಳಿಕೊಂಡೇ ಬೆಳೆದೆ.

ಒಂದು ವರ್ಷ ಕಂಪನಿಯವರು ದೊಡ್ಡ ವಿಮಾನಕ್ಕೆ ಅರ್ಜಿ ಕರೆದರು. ಹೋದರೆ ಕ್ಯಾಪ್ಟನ್ನರ ಎಡಗಡೆ ಕುರ್ಚಿ ಬಿಟ್ಟು ಮತ್ತೆ ಸಹಪೈಲಟ್ ಆಗಿ ಬಲಗಡೆ ಕೂರಬೇಕು, ಆ ಸಾಲಿನ ಬಾಲದಲ್ಲಿ ನಿಲ್ಲಬೇಕು. ಹೋಗದಿದ್ದರೆ ನನ್ನ ಕೈಕೆಳಗೆ ಕಲಿತ ಹುಡುಗರು ಮುಂದೆ ಹೋಗುತ್ತಾರೆ, ಇನ್ನೊಂದು ಅವಕಾಶ ಬರುವ ಹೊತ್ತಿಗೆ ನನಗೆ ವಯಸ್ಸಾಗಿರುತ್ತದೆ. ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ಸುಲಿಯುತ್ತಾ ವಿಷಯ ಹೇಳಿದೆ. ನೀನು ಮಾಡಿದ ಹಾಗೆಯೇ ಮಾಡುತ್ತೇನಪ್ಪ, ಮಗಳಿಗೋಸ್ಕರ ಇಲ್ಲೇ ಇರುತ್ತೇನೆ ಎಂದೆ.

ಅಪ್ಪ ಮೊರ ಪಕ್ಕಕ್ಕಿಟ್ಟರು. “ನಾನು ನಿಂಗೋಸ್ಕರ ನರಸೀಪುರದ ಗಾಡಿ ತಕಂಡೆ ಅಂತ ತಿಳ್ಕಂಡಿದ್ದೀಯ. ಅದ್ಯಾವ್ದೂ ಅಲ್ಲ ಕಣವ್ವಾ. ಬೆಂಗ್ಳೂರ್ ರೋಡು ಅಂದ್ರೆ ನಂಗೆ ಭಯ. ಒಂದ್ಸಲ ಓಗಿದ್ದೆ, ಸ್ಟೇರಿಂಗ್ ಮ್ಯಾಲೆ ಕೈ ನಿಲ್ನಿಲ್ಲ. ಆಮ್ಯಾಕೆ ನಿನ್ನ ಎಸ್ರು ಏಳ್ಕಂಡು ಕಾಲ ತಳ್ದೆ.”

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಇವರನ್ನು ನೋಡಿಕೊಂಡು ನನ್ನ ಕೆಲಸ ನಡೆಸಿದ್ದೆ, ಈಗ ಅದು ಪ್ರೀತಿಯಲ್ಲ, ನಡುಕ ಎನ್ನುತ್ತಿದ್ದಾರೆ. ಎದ್ದು ಹೋಗಬೇಕೆನಿಸಿತು, ಆದರೆ ಮಡಿಲ ತುಂಬ ಸಿಪ್ಪೆ.

“ನೀ ಈಗ ಮಗೀಗೋಸ್ಕರ ಇರ್ತೀಯೋ, ಭಯಕ್ಕೆ ಇರ್ತೀಯೋ? ಅದೊಂದ ಏಳು,” ಎಂದರು.

ಹೊಸ ಯಂತ್ರ, ಹೊಸ ಪರೀಕ್ಷೆ, ಬೆನ್ನ ಹಿಂದೆ ಕೂತು ತಪ್ಪು ಹುಡುಕುವ ಪರೀಕ್ಷಕ. ಫೇಲಾದರೆ ಮದುವೆಮನೆಯವರು ಹೇಳಿದ್ದೇ ನಿಜವಾಗುತ್ತದೆ. ಎರಡೂ ಇದೆ ಎಂದೆ.

“ಯಾವ್ದು ಜಾಸ್ತಿ?”

ಭಯ, ಎಂದೆ.

“ಅಂಗಾದ್ರೆ ಓಗು. ಮಗೀನ ನಾವ್ ನೋಡ್ಕತೀವಿ,” ಎಂದು ಮತ್ತೆ ಮೊರ ಎಳೆದುಕೊಂಡರು.

ಹೋದೆ. ಪಾಸೂ ಆದೆ. ದೊಡ್ಡ ವಿಮಾನ ಓಡಿಸುವುದು ನನಗೆ ನಿಜಕ್ಕೂ ಇಷ್ಟವಾಯಿತು, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಸಾಲಿನ ಬಾಲದವಳಿಗೆ ಹಬ್ಬವೂ ಇಲ್ಲ, ಭಾನುವಾರವೂ ಇಲ್ಲ. ಉತ್ತರದ ಯಾವುದೋ ಊರಿನ ಬಾಡಿಗೆ ಕೋಣೆಯಲ್ಲಿ ಸ್ಟ್ಯಾಂಡ್‌ಬೈ ಕೂತು, ಫೋನಿನಲ್ಲಿ ಮಗಳ ಮಗ್ಗಿ ಕೇಳುತ್ತಿದ್ದೆ. ಬರಬರುತ್ತಾ ಅವಳು, “ತಾತಂಗೆ ಒಪ್ಪಿಸ್ಬುಟ್ಟೆ” ಎಂದು ಫೋನು ಅವ್ವನ ಕೈಗೆ ಕೊಡತೊಡಗಿದಳು.

ಅವಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೇಗೋ ರಜೆ ಹೊಂದಿಸಿಕೊಂಡು ಬಂದೆ. ಅವಳದು ನೃತ್ಯವಿತ್ತು. ಸಭಾಂಗಣ ಚಿಕ್ಕದು, ಒಂದು ಮಗುವಿನ ಕಡೆಯಿಂದ ಇಬ್ಬರಿಗೆ ಮಾತ್ರ ಜಾಗ ಎಂದಿದ್ದರು. ನಾನು ಬಂದಿರುವುದರಿಂದ ನನಗೊಂದು ಕುರ್ಚಿ ಇದ್ದೇ ಇದೆ ಎಂದುಕೊಂಡಿದ್ದೆ. ತಲೆ ಬಾಚುತ್ತಾ ಯಾವ ಸೀರೆ ಉಡಲಿ ಎಂದು ಅವಳನ್ನೇ ಕೇಳಿದೆ.

“ಮಿಸ್‌ಗೆ ತಾತ, ಅಜ್ಜಿ ಅಂತ ಏಳಿದ್ದೀನಿ,” ಎಂದಳು. ನನ್ನ ಮುಖ ನೋಡಿ ಸ್ವಲ್ಪ ಯೋಚಿಸಿದಳು. “ಅಜ್ಜಿಗೆ ಮಂಡಿ ನೋವು ಬಂದ್ರೆ ನೀನ್ ಬಾ ಅಮ್ಮ.”

ಸಿಟ್ಟಿನಿಂದ ಹೇಳಿದ್ದಲ್ಲ. ಇದ್ದುದರಲ್ಲಿ ನನಗೊಂದು ಅನುಕೂಲ ಮಾಡಿಕೊಡುತ್ತಿದ್ದಳು.

ಅವ್ವ ಅಡುಗೆಮನೆಯಿಂದ ಕೇಳಿಸಿಕೊಂಡು ಬಂದಳು. “ಬೇಕಾದ್ರೆ ಮಂಡಿ ನೋವು ಅಂತೀನಿ ಬುಡು,” ಎಂದು ಪಿಸುಗುಟ್ಟಿದಳು. ಬೇಡವ್ವ ಎಂದೆ. ವರ್ಷಪೂರ್ತಿ ಟಿಫಿನ್ ಕಟ್ಟಿ, ಜಡೆ ಹಾಕಿ, ಕುಣಿತದ ಪ್ರಾಕ್ಟೀಸಿಗೆ ಕರೆದುಕೊಂಡು ಹೋದವಳು ಅವಳು. ಸುಳ್ಳು ಕಾಯಿಲೆ ಹೇಳಿ ಪಾಳಿ ತಪ್ಪಿಸುವವರನ್ನು ಅಪ್ಪನ ಡಿಪೋದಲ್ಲೂ ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ, ನಮ್ಮಲ್ಲೂ ಸೇರಿಸುವುದಿಲ್ಲ.

ಆ ಸಂಜೆ ಸೀರೆ ಉಟ್ಟುಕೊಂಡೇ ಜಗಲಿಯ ಮೇಲೆ ಕೂತೆ. ಮೂವರೂ ಆಟೋ ಹತ್ತಿದರು. ಮಂಡಕಳ್ಳಿಗೆ ಇಳಿಯುವ ಫ್ಯಾನಿನ ವಿಮಾನ ತಲೆಯ ಮೇಲೆ ಹಾದುಹೋಯಿತು, ಯಾರೋ ನನಗಿಂತ ಕಿರಿಯರು ಓಡಿಸುತ್ತಿದ್ದರು. ಅವ್ವನ ಮಂಡಿ ಅವತ್ತು ಚೆನ್ನಾಗಿಯೇ ಇತ್ತು.