ಸೋಮವಾರದ ಒಂದು ಬಟ್ಟಲು ಉಡೋನ್

ಎರ್ಮಾಳಿನಲ್ಲಿ ಬಸ್ಸು ಹತ್ತಿದಾಗ ನನ್ನ ಪಕ್ಕದಲ್ಲಿ ಒಬ್ಬ ಮಹನೀಯರಿದ್ದರು. ಕಾಪು ಬರುವಷ್ಟರಲ್ಲಿ ಅವರು ಎದ್ದು ಹಿಂದಿನ ಸೀಟಿಗೆ ಹೋದರು. ನನಗೆ ಕಿಟಕಿ ಸಿಕ್ಕಿತು. ಕಾರಣ ನನ್ನ ತೊಡೆಯ ಮೇಲಿರುವ ಕಟ್ಟು. ಒಳಗೆ ಒಣಗಿಸಿದ ಬೊಳೆಂಜಿರ್, ಕಿರುಬೆರಳಿನಷ್ಟುದ್ದದ ಬೆಳ್ಳಿಬಣ್ಣದ ಮೀನು. ಮೂರು ಪದರ ಪೇಪರು, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಬಟ್ಟೆಚೀಲ. ಎಷ್ಟು ಸುತ್ತಿದರೂ ಒಣಮೀನು ತಾನು ಬಂದಿದ್ದೇನೆಂದು ಹೇಳದೆ ಇರುವುದಿಲ್ಲ.

ಈ ಕಟ್ಟು ಹೋಗುತ್ತಿರುವುದು ಮಣಿಪಾಲದ ಒಂದು ಜಪಾನೀ ಅಡುಗೆಮನೆಗೆ. ನಗಬೇಡಿ, ನಿಜವಾಗಿಯೂ ಅಲ್ಲಿಗೇ.

ಕಟ್ಟಿದವರು ನನ್ನ ದೊಡ್ಡಮ್ಮ. ಎರ್ಮಾಳಿನ ಕಡಲ ಬದಿಯಲ್ಲಿ ಚಾಪೆ ಹಾಸಿ ಮೀನು ಒಣಗಿಸಿ, ಮಳೆಗಾಲಕ್ಕೆ ಮುಂಚೆ ಬುಟ್ಟಿ ಹೊತ್ತು ಕಾರ್ಕಳದವರೆಗೂ ಹೋಗಿ ಮಾರಿದವರು. ಅವರ ಬಂಡವಾಳವೆಲ್ಲ ಮೂಗಿನಲ್ಲಿತ್ತು. ಒಂದು ಹಿಡಿ ಎತ್ತಿ ಮೂಸಿದರೆ ಸಾಕು, ಉಪ್ಪು ಕಡಿಮೆಯೋ, ಎರಡನೇ ದಿನ ಮೋಡ ಕವಿದಿತ್ತೋ, ಹನಿ ಬಿದ್ದಿತ್ತೋ, ಎಲ್ಲ ಹೇಳುತ್ತಿದ್ದರು. ಕೊಳ್ಳುವವರು ಮೀನನ್ನು ನೋಡುತ್ತಿರಲಿಲ್ಲ, ದೊಡ್ಡಮ್ಮನ ಮುಖ ನೋಡುತ್ತಿದ್ದರು. ನಾನು ಕಾಲೇಜಿಗೆ ಹೋಗುವಾಗ ಅವರು ಕಟ್ಟಿಕೊಟ್ಟ ಮೀನನ್ನು ಬಸ್ಸಿನ ಸೀಟಿನ ಅಡಿಗೆ ತಳ್ಳಿ, ನನ್ನದಲ್ಲವೆಂಬಂತೆ ಕೂರುತ್ತಿದ್ದೆ. ಇಳಿಯುವಾಗ ಕಂಡಕ್ಟರರು ಎಲ್ಲರಿಗೂ ಕೇಳುವ ಹಾಗೆ ನೆನಪಿಸುತ್ತಿದ್ದರು.

ಎರಡು ವರ್ಷದ ಹಿಂದೆ ದೊಡ್ಡಮ್ಮನಿಗೆ ಒಂದು ಜ್ವರ ಬಂತು. ಹೋಗುವಾಗ ಅದು ವಾಸನೆಯನ್ನೂ ಕೊಂಡುಹೋಯಿತು. ಅವರು ಯಾರಿಗೂ ಹೇಳದೆ ಕಣ್ಣಿನಲ್ಲೇ ಆರಿಸಿ ಮಾರಿದರು. ಕಾರ್ಕಳದ ಟೀಚರಮ್ಮ ಒಬ್ಬರು, ಹಳೆಯ ಗಿರಾಕಿ, ಒಂದು ವಾರದ ನಂತರ ಪೊಟ್ಟಣವನ್ನು ಹಾಗೆಯೇ ತಂದು ಜಗಲಿಯ ಮೇಲಿಟ್ಟು, "ಇದು ನೀವು ಕೊಡುವಂಥದ್ದಲ್ಲ ಅಲ್ವಾ" ಎಂದಷ್ಟೇ ಹೇಳಿದರು. ಬೈದಿದ್ದರೆ ದೊಡ್ಡಮ್ಮ ತಡೆದುಕೊಳ್ಳುತ್ತಿದ್ದರು. ಆವತ್ತೇ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದರು.

ಡಾಕ್ಟರು ಒಂದು ಅಭ್ಯಾಸ ಹೇಳಿಕೊಟ್ಟಿದ್ದರು. ದಿನಾ ಬೆಳಿಗ್ಗೆ ಕಾಫಿಪುಡಿ, ಲವಂಗ, ಕೊತ್ತಂಬರಿ ಎಂದು ನಾಲ್ಕು ಡಬ್ಬಿ ತೆರೆದು ಮೂಸಬೇಕು. ನಾಲ್ಕನೆಯದರಲ್ಲಿ ದೊಡ್ಡಮ್ಮ ಒಣಮೀನು ಇಟ್ಟುಕೊಂಡಿದ್ದರು. ನಾನು ಹೋದಾಗಲೆಲ್ಲ ಕೇಳುತ್ತಿದ್ದೆ, ಅವರು "ಎಂತದೂ ಇಲ್ಲ" ಎನ್ನುತ್ತಿದ್ದರು. ಕೊನೆಕೊನೆಗೆ ಕೇಳುವುದನ್ನು ಬಿಟ್ಟೆ, ಧೈರ್ಯ ಸಾಲದೆ.

ಇನ್ನು ಜಪಾನಿಗೆ ಬರುತ್ತೇನೆ. ಕಟಪಾಡಿಯ ಸುಧಾಕರಣ್ಣ ಅಲ್ಲಿನ ಕಾಗವಾ ಎಂಬ ಸೀಮೆಯಲ್ಲಿ ಬಹಳ ವರ್ಷ ಅಡುಗೆ ಮಾಡಿ ಬಂದು, ಮಣಿಪಾಲದ ಒಂದು ಓಣಿಯಲ್ಲಿ ಎಂಟು ಕುರ್ಚಿಯ ಹೋಟೆಲು ಇಟ್ಟಿದ್ದಾರೆ. ಜಪಾನೀ ಊಟವೆಂದರೆ ಹಸಿಮೀನು ಸುತ್ತಿದ ಅನ್ನವೆಂದೇ ತಿಳಿದಿದ್ದ ನನಗೆ ಅವರು ಪಾಠ ಮಾಡಿದರು. ಅಲ್ಲಿಯೂ ಊರಿಗೊಂದು ರುಚಿಯಂತೆ. ಒಸಾಕಾದ ಕಡೆ ಸಾರು ತೆಳು ಬಣ್ಣದ್ದು, ಟೋಕಿಯೋದ ಕಡೆ ಕಪ್ಪು. ಒಬ್ಬರದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಕಾಪುವಿನ ಮೀನುಸಾರನ್ನು ಕಾರ್ಕಳದ ನೆಂಟರ ಮುಂದೆ ಹೊಗಳಿ ಜಗಳ ತಂದುಕೊಂಡವನಿಗೆ ಇದು ಕೂಡಲೇ ಅರ್ಥವಾಯಿತು. ಕಾಗವಾದವರದು ಉಡೋನ್, ಅಂದರೆ ಗೋಧಿಯ ದಪ್ಪ ಸೇಮಿಗೆ. ಅದರ ಸಾರು ಸಣ್ಣ ಒಣಮೀನನ್ನು ಕುದಿಸಿ ಸೋಸಿದ್ದು. ಮೊದಲ ಬಾರಿ ಬಟ್ಟಲಿನ ಮುಚ್ಚಳ ತೆಗೆದಾಗ ಎರ್ಮಾಳಿನ ಚಾಪೆಯೇ ಮೂಗಿಗೆ ಬಡಿಯಿತು. ಎರಡು ಬಟ್ಟಲು ಕುಡಿದೆ. ಸಿಕ್ಕಿದವರಿಗೆಲ್ಲ ಹೇಳಿದೆ. ದೊಡ್ಡಮ್ಮನನ್ನು ಇಲ್ಲಿ ತಂದು ಕೂರಿಸಬೇಕೆಂದು ಅಂದೇ ತೀರ್ಮಾನಿಸಿದೆ.

ಕೂರಿಸಿದ್ದು ಕಳೆದ ತಿಂಗಳು, ಅವರನ್ನು ಡಾಕ್ಟರಿಗೆ ತೋರಿಸಿದ ದಿನ. "ಇಷ್ಟು ದಿನ ಬಾರದ್ದು ಇನ್ನು ಬರುತ್ತದೆ ಎಂದು ಖಚಿತವಾಗಿ ಹೇಳಲಾರೆ" ಎಂದಿದ್ದರು ಡಾಕ್ಟರು. ದೊಡ್ಡಮ್ಮ ಹೋಟೆಲಿನ ಕುರ್ಚಿಯಲ್ಲಿ ಸೆರಗು ಬಿಗಿದುಕೊಂಡು ಕೂತು, "ಇವತ್ತು ಸೋಮವಾರ ಮಾರಾಯ, ನಾನು ಮೀನು ಮುಟ್ಟುವುದಿಲ್ಲ" ಎಂದರು. ಮದುವೆಯಾದಂದಿನಿಂದ ತಪ್ಪದ ವ್ರತ. ಅದೂ ನನಗೆ ಮರೆತುಹೋಗಿತ್ತು. ನಾನು ಒಳಗೆ ಕೂಗಿ, "ಸುಧಾಕರಣ್ಣ, ಒಂದು ಮೀನಿಲ್ಲದ್ದು ಕೊಡಿ" ಎಂದೆ.

ಅವರು ದಿನವೂ ಮೇಲೆ ಇಡುವ ಕರಿದ ಮೀನಿನ ತುಂಡನ್ನು ಬಿಟ್ಟು ಕೊಟ್ಟರು. ನಮ್ಮ ಕಡೆ ತುಂಡು ಕಾಣದಿದ್ದರೆ ಮೀನಿಲ್ಲವೆಂದೇ ಲೆಕ್ಕ. ಎರಡು ತಿಂಗಳಿನಿಂದ ಆ ಸಾರಿನ ಒಣಮೀನನ್ನು ಹೊಗಳಿ ಊರವರ ತಲೆ ತಿಂದ ನನಗೂ ಹೊಳೆಯಲಿಲ್ಲ.

ದೊಡ್ಡಮ್ಮ ಮುಚ್ಚಳ ತೆಗೆದರು. ಚಮಚ ಅದ್ದಿ ಬಾಯಿಯ ಹತ್ತಿರ ತಂದವರು ಅಲ್ಲಿಯೇ ನಿಲ್ಲಿಸಿದರು.

"ಇದರಲ್ಲಿ ಮೀನು ಉಂಟು."

"ಇಲ್ಲ ದೊಡ್ಡಮ್ಮ, ನಾನೇ ಬೇಡ ಎಂದು ಹೇಳಿದ್ದೇನೆ."

"ನನಗೆ ಹೇಳಬೇಡ. ಬೊಳೆಂಜಿರ್. ಅದೂ ಹನಿ ತಾಗಿದ್ದು."

ಸುಧಾಕರಣ್ಣ ಓಡಿಬಂದರು. ಜಪಾನಿನಿಂದ ತರಿಸಿದ್ದು ಮುಗಿದಿತ್ತಂತೆ, ಆ ವಾರ ಇಲ್ಲಿಯದೇ ಅಂಗಡಿಯದ್ದನ್ನು ಹಾಕಿದ್ದರಂತೆ. ಕೈಮುಗಿದು "ತಪ್ಪಾಯಿತು ಅಮ್ಮ" ಎಂದರು. ನಾನಂತೂ ವ್ರತ ಕೆಡಿಸಿದ ಪಾಪಿಯಾಗಿ, ಚಮಚ ಬಾಯಿಗೆ ಹೋಗಲಿಲ್ಲವಲ್ಲ, ದೋಷವಿಲ್ಲ ಎಂದೆಲ್ಲ ಏನೇನೋ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಅವರ ಕಡೆ ತಿರುಗಿದೆ. ದೊಡ್ಡಮ್ಮ ಚಮಚವನ್ನು ಇನ್ನೊಮ್ಮೆ ಮೂಗಿನ ಹತ್ತಿರ ತಂದಿದ್ದರು.

"ದೊಡ್ಡಮ್ಮ, ನಿಮಗೆ ಹೇಗೆ ಗೊತ್ತಾಯಿತು?"

ಅವರು ಚಮಚ ಕೆಳಗಿಟ್ಟು, ಎರಡು ಕೈಯಲ್ಲಿ ಬಟ್ಟಲು ಹಿಡಿದು, ಆವಿ ಆರುವವರೆಗೂ ಮುಖ ಬಗ್ಗಿಸಿಕೊಂಡೇ ಇದ್ದರು. ಕಣ್ಣಿನಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನಗೆ ಎದ್ದು ಕುಣಿಯುವಷ್ಟು ಸಂತೋಷವಾಗಿತ್ತು. ಒಂದು ಹನಿ ಸಾರನ್ನೂ ಅವರು ಕುಡಿಯಲಿಲ್ಲ. ಸುಧಾಕರಣ್ಣ ಶುಂಠಿ ಮತ್ತು ಸೋಯಾ ಸಾಸ್ ಹಾಕಿ ಬರೀ ಉಡೋನ್ ಕೊಟ್ಟಾಗ, "ಸೇಮಿಗೆ ಸ್ವಲ್ಪ ದಪ್ಪ ಆಯಿತು" ಎನ್ನುತ್ತಲೇ ಬಟ್ಟಲು ಖಾಲಿ ಮಾಡಿದರು. ಹೊರಡುವಾಗ ಅವರನ್ನು ಕರೆದು, "ನೀನು ಕಟಪಾಡಿಯಲ್ಲಿ ಯಾರ ಮಗ?" ಎಂದು ವಿಚಾರಿಸಿ, "ಆ ಅಂಗಡಿಯದ್ದು ಇನ್ನು ಹಾಕಬೇಡ. ನಾನು ಕಳಿಸುತ್ತೇನೆ" ಎಂದರು.

ಅಟ್ಟದಿಂದ ಚಾಪೆ ಇಳಿದಿದೆ. ಎಲ್ಲ ವಾಸನೆಯೂ ಬಂದಿಲ್ಲ, ಲವಂಗ ಇನ್ನೂ ಸುಮ್ಮನಿದೆ. ಕಾರ್ಕಳದ ಟೀಚರಮ್ಮನಿಗೆ ಒಂದು ಪೊಟ್ಟಣ ನಿನ್ನೆಯೇ ತಲುಪಿತು.

ಮಣಿಪಾಲ ಬಂತು. ಈ ಬಾರಿ ಕಟ್ಟನ್ನು ನಾನು ಸೀಟಿನ ಅಡಿಗೆ ಇಟ್ಟಿಲ್ಲ. ತೊಡೆಯಿಂದ ಎತ್ತಿ ಎದೆಗೆ ಹಿಡಿದುಕೊಂಡೇ ಓಣಿಗೆ ಹೋದೆ. ಸುಧಾಕರಣ್ಣ ಬಿಚ್ಚಿ ಒಂದು ಹಿಡಿ ಮೂಗಿನ ಹತ್ತಿರ ತಂದರು. ನಾನು ಅವರ ಕೈ ಹಿಡಿದೆ.

"ಮೂಸುವುದು ಬೇಡ ಸುಧಾಕರಣ್ಣ" ಎಂದೆ. "ದೊಡ್ಡಮ್ಮ ಮೂಸಿ ಆಗಿದೆ."