ಮೆಸ್ಕಾಲಿನ ಹೊಗೆ ಮತ್ತು ಒಬ್ಬ ಸಾಕ್ಷಿ

ಪುಲಿಕೇಶಿನಗರದ ಗೆಳೆಯನ ಮನೆಯಲ್ಲಿ ಶನಿವಾರ ಮಧ್ಯಾಹ್ನ ಕತ್ತಾಳೆಯ ಮದ್ಯವಾದ ಟಕೀಲಾ ಸವಿಯುವ ನಮ್ಮ ಪದ್ಧತಿ ಶುರುವಾದದ್ದು 2022ರ ಬೇಸಿಗೆಯಲ್ಲಿ. 2021 ಎಂದು ಅವನ ವಾದ. ಆ ಬೇಸಿಗೆಯಲ್ಲಿ ಕೊರೋನಾದಿಂದ ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದರಿಂದ ಅದು ಅಸಾಧ್ಯ. ನಾವಿಬ್ಬರೂ ಒಂದೇ ಸಂಶೋಧನಾ ಸಂಸ್ಥೆಯಿಂದ ನಿವೃತ್ತರಾದವರು. ಅವನು ವಿಧುರ. ಅಕ್ಕನ ಮಗನೊಬ್ಬ ಬೈಯಪ್ಪನಹಳ್ಳಿಯಿಂದ ಭಾನುವಾರಗಳಂದು ಬಂದು ಅವನೊಡನೆ ಊಟ ಮಾಡಿ ಹೋಗುತ್ತಾನೆ. ಗೆಳೆಯನ ಮನೆಗೆ ಬರುವ ಬಂಧು ಈ ಹುಡುಗನೊಬ್ಬನೇ.

ನಮ್ಮೊಳಗೆ ಕೆಲಸದ ಹಂಚಿಕೆಯಿತ್ತು: ಮೂಗು ಅವನದು, ತನಿಖೆ ನನ್ನದು. ಪೂರ್ತಿ ಕತ್ತಾಳೆಯಿಂದಲೇ ತೆಗೆದದ್ದೆಂದು ಬಾಟಲಿಯ ಚೀಟಿಯ ಮೇಲೆ ಬರೆದಿದೆಯೇ ಎಂದು ಮೊದಲು ನೋಡುತ್ತಿದ್ದೆ. ಬರೆದಿಲ್ಲವಾದರೆ ಅರ್ಧಕ್ಕೆ ಹತ್ತಿರದಷ್ಟು ಬೇರೆ ಸಕ್ಕರೆಯ ಮದ್ಯ ಅದರಲ್ಲಿ ಸೇರಿರಬಹುದು. ಆಮೇಲೆ ಭಟ್ಟಿಯ ಸಂಖ್ಯೆ, ಅಬಕಾರಿ ಮುದ್ರೆ, ಮುಚ್ಚಳದ ಅಂಚಿನಲ್ಲಿ ಒಸರಿದ ಅಂಟು. ಶಿವಾಜಿನಗರದ ಗುಜರಿಯಲ್ಲಿ ವಿದೇಶಿ ಖಾಲಿ ಬಾಟಲಿಗೆ ಸಿಗುವ ಮರ್ಯಾದೆ ತುಂಬಿದ ದೇಶಿ ಬಾಟಲಿಗೂ ಸಿಗದು ಎಂಬ ಮಾತಿದೆ. ಅದರಲ್ಲಿ ಅಗ್ಗದ ಮದ್ಯ ತುಂಬಿ ಮತ್ತೆ ಮಾರುತ್ತಾರಂತೆ. ಆದ್ದರಿಂದ ಕುಡಿದು ಮುಗಿಸಿದ ಪ್ರತಿ ಬಾಟಲಿಯ ಚೀಟಿಯನ್ನೂ ಬೀಗದ ಕೈಯಿಂದ ಗೀಚಿಯೇ ನಾವು ಹೊರಹಾಕುತ್ತಿದ್ದೆವು. ಟಕೀಲಾ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಬಂದದ್ದು 1974ರಲ್ಲಿ. ಕೆಲವರು 1977 ಎನ್ನುವುದು ನಂತರದ ವಿಸ್ತರಣೆಯನ್ನು ಮೂಲವೆಂದು ಭಾವಿಸಿ. ಅದರದೇ ಬಳಗದ ಕತ್ತಾಳೆ ಮದ್ಯ ಮೆಸ್ಕಾಲಿಗೆ 1994. ಇದನ್ನು ಹೇಳಿದಾಗಲೆಲ್ಲ ಗೆಳೆಯ, ‘ಪ್ರೊಫೆಸರೇ, ಅಡಿಟಿಪ್ಪಣಿ ಆಮೇಲೆ, ಮೊದ್ಲು ಗ್ಲಾಸ್ ಎತ್ತಪ್ಪ’ ಎನ್ನುತ್ತಿದ್ದ.

ಹೋದ ವರ್ಷ ಆ ಅಕ್ಕನ ಮಗ ವಿದೇಶ ಪ್ರವಾಸದಿಂದ ಒಂದು ಮೆಸ್ಕಾಲ್ ತಂದುಕೊಟ್ಟ. ಸೂಟ್‌ಕೇಸಿನಲ್ಲಿ ಬಂದದ್ದಾದ್ದರಿಂದ ಅಬಕಾರಿ ಮುದ್ರೆಯಿರಲಿಲ್ಲ. ಸಂಶಯಪಡಲು ನನಗೆ ಅದೇ ಸಾಕಾಯಿತು. ಮೆಸ್ಕಾಲ್ ನಮಗಿಬ್ಬರಿಗೂ ಹೊಸದು. ಬಗ್ಗಿಸುತ್ತಿದ್ದಂತೆ ಸುಟ್ಟ ತೆಂಗಿನ ಚಿಪ್ಪಿನ ಘಾಟು ಮೇಜಿನ ಈಚೆಗೂ ಬಂತು. ಗೆಳೆಯ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಬೇಯಿಸಿದ ಗೆಣಸು, ಒಣ ಹುಲ್ಲು, ಕೊನೆಗೆ ಕರಿಮೆಣಸು ಎಂದ. ಹೊಗೆ ಇಲ್ಲವೇ ಎಂದು ಕೇಳಿದೆ. ಹೊಗೆಯೂ ಇಲ್ಲ, ಏನೂ ಇಲ್ಲ ಎಂದ.

ಪಳಗಿದ ಮೂಗು ಒಪ್ಪದ ಹೊಗೆಯೆಂದರೆ ಅದು ಬೆರೆಸಿದ ಹೊಗೆ ಎಂದು ನಾನು ತೀರ್ಮಾನಿಸಿದೆ: ಅಗ್ಗದ ಮದ್ಯಕ್ಕೆ ಯಾವುದೋ ಸತ್ವ ಹಾಕಿ ಯಾರೋ ತುಂಬಿದ್ದಾರೆ. ಹಾಗೆಂದು ಹೇಳಿಯೂಬಿಟ್ಟೆ. ಗೆಳೆಯ ಗ್ಲಾಸು ಕೆಳಗಿಟ್ಟ.

‘ಹಂಗಾದ್ರೆ ಹುಡುಗ ನಂಗೆ ಮೋಸ ಮಾಡಿದಾನೆ ಅಂತೀಯಾ?’

ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದೆ. ಹುಡುಗನಿಗೆ ಇನ್ನು ಬರಬೇಡವೆನ್ನುತ್ತೇನೆ ಎಂದು ಗೆಳೆಯ ಬಾಟಲಿಗೆ ಮುಚ್ಚಳ ಹಾಕಿದ. ನನ್ನೊಡನೆ ವಾದಿಸದೆ ಸೋತದ್ದು ಅದೇ ಮೊದಲು; ಅದೇ ನನ್ನನ್ನು ಕೊರೆಯತೊಡಗಿತು.

ಒಂದೇ ಆಧಾರದ ಮೇಲೆ ಒಬ್ಬನಿಗೆ ಮನೆ ಬಾಗಿಲು ಮುಚ್ಚಬಾರದು. ಆ ವಾರ ಇಂದಿರಾನಗರದ ಒಂದು ಬಾರ್‌ಗೆ ಹಗಲಲ್ಲೇ ಹೋಗಿ ಎರಡು ಬೇರೆ ಭಟ್ಟಿಗಳ ಮೆಸ್ಕಾಲ್ ತರಿಸಿಕೊಂಡೆ. ಒಂದರಲ್ಲಿ ಹೊಗೆ ಮೆಲ್ಲಗೆ, ಇನ್ನೊಂದರಲ್ಲಿ ಅದೇ ತೆಂಗಿನ ಚಿಪ್ಪು. ಕತ್ತಾಳೆಯ ದಿಂಡನ್ನು ನೆಲದ ಗುಂಡಿಯಲ್ಲಿ ಸೌದೆ ಹಾಕಿ ಸುಡುವುದರಿಂದ ಬರುವ ಗುಣ ಅದು. ಟಕೀಲಾಕ್ಕೆ ಸಾಮಾನ್ಯವಾಗಿ ಹಬೆಯಲ್ಲಿ ಬೇಯಿಸುತ್ತಾರೆ. ಓದಿ ತಿಳಿದಿದ್ದೆ, ಆದರೂ ಸಾಕ್ಷಿಯ, ಅಂದರೆ ಗೆಳೆಯನ ಮೂಗಿನ, ಮಾತಿಗೆ ಮಣಿದಿದ್ದೆ. ಬಾಟಲಿಯಲ್ಲಿ ತಪ್ಪಿಲ್ಲವಾದರೆ ಶಂಕಿಸಬೇಕಾದದ್ದು ಸಾಕ್ಷಿಯನ್ನೇ. ಗೆಣಸು, ಹುಲ್ಲು, ಕರಿಮೆಣಸು: ಹಿಂದಿನ ಟಕೀಲಾಕ್ಕೂ, ಅದರ ಹಿಂದಿನದಕ್ಕೂ ಅವನು ಹೇಳಿದ್ದು ಇದನ್ನೇ, ಇದೇ ಕ್ರಮದಲ್ಲಿ. ತನ್ನ ಹಳೆಯ ಪ್ರಬಂಧವನ್ನೇ ಹೊಸದೆಂದು ಮತ್ತೆ ಮತ್ತೆ ಓದುವವರನ್ನು ನಾನು ಸಭೆಗಳಲ್ಲಿ ಕಂಡಿದ್ದೇನೆ.

ಮುಂದಿನ ಶನಿವಾರ ಹೋದಾಗ, ಆ ವಾರವೆಲ್ಲ ಅವನು ಅಕ್ಕನ ಮಗನ ಫೋನು ಎತ್ತಿರಲಿಲ್ಲವೆಂದು ತಿಳಿಯಿತು. ಬಾರಿನಲ್ಲಿ ಕಂಡದ್ದನ್ನು ಹೇಳಿ, ಅದೇ ಮೆಸ್ಕಾಲನ್ನು ಇನ್ನೊಮ್ಮೆ ನೋಡೋಣವೆಂದೆ. ಅವನು ಗ್ಲಾಸು ಹಿಡಿದು, ಗೆಣಸು ಎಂದು ಆರಂಭಿಸಿದ. ಅಷ್ಟರಲ್ಲಿ ಅಡುಗೆಮನೆಯಿಂದ ಸೀದ ಹಾಲಿನ ವಾಸನೆ ಬಂತು. ನಾನು ಏಳದೆ ಅವನ ಮುಖ ನೋಡಿದೆ. ಅವನು ಒಣ ಹುಲ್ಲಿಗೆ ಬಂದಿದ್ದ. ನಾನೇ ಎದ್ದು ಹೋಗಿ ಗ್ಯಾಸ್ ಆರಿಸಿದೆ. ಹಿಂದೆಯೇ ಬಂದ ಅವನು ಕಪ್ಪಾದ ಪಾತ್ರೆಯನ್ನೂ ನನ್ನನ್ನೂ ನೋಡಿದ.

‘ಆ ಕೊರೋನಾ ಜ್ವರ ಬಂದಾಗಿಂದ ವಾಸ್ನೆ ಇಲ್ಲ,’ ಎಂದ. ‘ವಾಪಸ್ ಬರತ್ತೆ ಅಂದ್ರು. ಬರ್ಲಿಲ್ಲ.’

ಏಕೆ ಹೇಳಲಿಲ್ಲವೆಂದು ಕೇಳಿದೆ.

‘ಮೂಗಿಲ್ದೋನ ಮನೆಗೆ ನೀನ್ ಯಾಕಪ್ಪ ಬರ್ತೀಯ, ಹೊರಮಾವಿಂದ ಆ ಟ್ರಾಫಿಕ್ಕಲ್ಲಿ?’

ಹಾಲು ಸೀದದ್ದಕ್ಕೆ ಬದಲು ಗ್ಯಾಸೇ ಸೋರಿದ್ದರೆ ಏನಾಗುತ್ತಿತ್ತು ಎಂಬುದನ್ನು ಮಾತ್ರ ಗಡಸಾಗಿಯೇ ಹೇಳಿದೆ. ಮೂಗಿನ ವಿಷಯವನ್ನು ಅಕ್ಕನ ಮಗನಿಗೆ ಹೇಳಬೇಕಾದವನು ನೀನು, ಇಲ್ಲವಾದರೆ ನಾನೇ ಹೇಳುತ್ತೇನೆ ಎಂದೂ ಸೇರಿಸಿದೆ. ಅವನು ಪಾತ್ರೆಗೆ ನೀರು ಬಿಟ್ಟ. ಆಮೇಲೆ ನಡುಮನೆಗೆ ಮರಳಿ, ಮೆಸ್ಕಾಲನ್ನು ಒಂದು ಗುಟುಕು ಕುಡಿದು, ನಾಲಿಗೆಗೆ ಸಿಹಿ ಗೊತ್ತಾಗುತ್ತದೆ, ಗಂಟಲಿನ ಉರಿ ಗೊತ್ತಾಗುತ್ತದೆ, ಎಣ್ಣೆಯಂತೆ ಜಾರುವುದೂ ಗೊತ್ತಾಗುತ್ತದೆ ಎಂದ. ಈ ವಿವರಣೆ ಹಿಂದಿನದಾವುದನ್ನೂ ಹೋಲುತ್ತಿರಲಿಲ್ಲ. ನಿಜವೆಂದು ನಂಬಲು ನನಗೆ ಅಷ್ಟು ಸಾಕಿತ್ತು.

ಫೋನು ತೆಗೆದುಕೊಂಡು ಅಕ್ಕನ ಮಗನಿಗೆ ಮಾಡಿದ.

‘ನಾಳೆ ಊಟಕ್ಕೆ ಬಾ ಮಗಾ. ಬಾಟಲ್ ಚೆನ್ನಾಗಿದೆ. ಹಾಳಾಗಿರೋದು ನನ್ ಮೂಗು. ಬಾ, ಹೇಳ್ತೀನಿ.’